ಕೊಲೆಗಾರ ಗೊತ್ತಿದ್ದ ಮೇಲಿನ ಮಜಾ

ಐರ್ಲೆಂಡಿನ ನಮ್ಮ ಆಸ್ಪತ್ರೆಯಲ್ಲಿ ಬೆಳಗಿನ ರೌಂಡ್ಸ್‌ಗೆ ಹೋಗಿದ್ದೆ. ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು ಟ್ಯಾಬ್‌ನಲ್ಲಿ ಹಳೇ ಬ್ರಿಟಿಷ್ ಪತ್ತೇದಾರಿ ಧಾರಾವಾಹಿ ಹಾಕ್ಕೊಂಡು ಕೂತಿದ್ರು. ನಾನು ಬಾಯಿ ತೆರೆಯೋ ಮೊದಲೇ ಕೈ ಅಡ್ಡ ಹಿಡಿದ್ರು.

“ತಡೀರಿ ಡಾಕ್ಟ್ರೇ, ಈಗ ಪಾದ್ರಿ ಬರ್ತಾನೆ. ಅವನೇ ಕೊಲೆಗಾರ.”

“ಮೊದಲೇ ನೋಡಿದ್ದೀರಾ?”

“ಒಂಬತ್ತು ಸಲ.”

“ಗೊತ್ತಿದ್ದ ಮೇಲೆ ಏನು ಮಜಾ?”

“ಗೊತ್ತಿದ್ರೇನೇ ಮಜಾ! ಏನೂ ಅರಿಯದ ಹಸುಳೆ ಥರ ಹೇಗೆ ಟೀ ಕುಡೀತಾನೆ ನೋಡಿ, ಕಳ್ಳ!”

ಪಾದ್ರಿ ಟೀ ಮುಗಿಸೋವರೆಗೂ ನಾನೂ ನಿಂತು ನೋಡ್ದೆ. ಆಮೇಲೆ ಕೇಳಿದೆ: “ನಿನ್ನೆ ಸಿಹಿ ಏನಾದ್ರೂ ತಿಂದ್ರಾ?”

“ದೇವರಾಣೆ ಇಲ್ಲ,” ಅಂದ್ರು, ಕಣ್ಣರಳಿಸಿ.

ಶುಗರ್ ರಿಪೋರ್ಟ್ ನನ್ನ ಕೈಯಲ್ಲೇ ಇತ್ತು. ದಿಂಬಿನ ಕೆಳಗಿಂದ ಚಾಕೊಲೇಟ್ ಕವರ್ ಇಣುಕ್ತಾ ಇತ್ತು. ನಾನು ಕುರ್ಚಿ ಎಳ್ಕೊಂಡು ಆರಾಮಾಗಿ ಕೂತು, ಅದೇ ಪ್ರಶ್ನೇನ ಇನ್ನೊಂದು ಸಲ ಕೇಳಿದೆ.