ದೊಡ್ಡ ಕುಂಡ

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುತ್ತಾರೆ. ಇಂಚಕ್ಕ ಹೋಗಿ ಇನ್ನೂ ತಿಂಗಳಾಗಿಲ್ಲ, ಅವಳಿಗೆ ಒಂದು ಒಳ್ಳೆಯ ಮಾತು ಆಡದ ಅತ್ತಿಗೆ ಈಗ ಬಂದವರ ಮುಂದೆಲ್ಲ "ನನ್ನ ನಾದಿನಿ ಹೂವಿನಂಥವಳು" ಎನ್ನುತ್ತಿದ್ದಾಳೆ. ಇಂಚಕ್ಕ ಹೂವಿನಂಥವಳಾಗಿರಲಿಲ್ಲ. ನಾಲಿಗೆ ಅವಳ ಕತ್ತರಿಗಿಂತ ಹರಿತವಾಗಿತ್ತು. ನಾನೇ ಎಷ್ಟು ಸಲ ಅಳುತ್ತ ಮನೆಗೆ ಹೋಗಿದ್ದೇನೆ.

ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಅವಳು ಮೂವತ್ತು ವರ್ಷ ಬಟ್ಟೆ ಕತ್ತರಿಸಿದಳು. ನಾನು ಎದುರಿನ ಗ್ರಂಥಾಲಯದವಳು. ಮಧ್ಯಾಹ್ನದ ಊಟ ಅವಳ ಮೇಜಿನ ಮೂಲೆಯಲ್ಲಿ, ಚೂರುಬಟ್ಟೆಗಳನ್ನು ಪಕ್ಕಕ್ಕೆ ಸರಿಸಿ. ತಾಯಂದಿರು, "ಬೆಳೆಯೋ ಮಗು, ನಾಲ್ಕಿಂಚು ದೊಡ್ಡದೇ ಇರಲಿ" ಅಂದರೆ ಅವಳಿಗೆ ಮೈ ಉರಿಯುತ್ತಿತ್ತು.

"ಅಂಗಿ ಹೊಲೀಬೇಕೋ, ಡೇರೆ ಹಾಕ್ಬೇಕೋ? ಒಂದಿಂಚು ಬಿಡ್ತೀನಿ. ಬೇಕಾದ್ರೆ ಹೊಲಿಸಿ, ಇಲ್ಲಾಂದ್ರೆ ಬೇರೆ ಅಂಗಡಿ ನೋಡ್ಕೊಳ್ಳಿ."

ಇಂಚಕ್ಕ ಎಂಬ ಹೆಸರು ಬಂದದ್ದು ಹಾಗೆ.

ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲಿ ಅಡುಗೆಮನೆಗೆ ಅಂಟಿದ ಕೋಣೆ ಅವಳದು, ಅಲ್ಲಿನ ಕಿಟಕಿಯಲ್ಲಿ ಒಂದು ಆಂಥೂರಿಯಂ ಹೂವಿನ ಗಿಡ. ಯಾವುದೋ ಸಭಾಂಗಣದವರು ಕಸಕ್ಕೆ ಎಸೆದದ್ದನ್ನು ಎತ್ತಿ ತಂದು, ಹನ್ನೊಂದು ವರ್ಷ ಅಂಗೈಯಗಲದ ಕುಂಡದಲ್ಲೇ ಸಾಕಿದ್ದಳು. ಬೇರಿಗೆ ಇಕ್ಕಟ್ಟಾದರೇ ಅದು ಹೂ ಬಿಡುವುದು ಎನ್ನುತ್ತಿದ್ದಳು. ಮೇಣ ಬಳಿದಂಥ ಕೆಂಪು ಹೂಗಳು ವರ್ಷವಿಡೀ ಇರುತ್ತಿದ್ದವು.

ಹೊಟ್ಟೆಯ ಶಸ್ತ್ರಚಿಕಿತ್ಸೆಗೆಂದು ಅವಳು ಆಸ್ಪತ್ರೆ ಸೇರಿದಾಗ, ಅತ್ತಿಗೆ ಗಿಡವನ್ನು ಬಕೆಟ್ಟಿನಷ್ಟು ದೊಡ್ಡ ಪಿಂಗಾಣಿ ಕುಂಡಕ್ಕೆ ಬದಲಿಸಿದಳು. ಅಂಗಳದ ಜಿಗುಟು ಮಣ್ಣು ತುಂಬಿ, ದಿನವೂ ಚೊಂಬಿನಲ್ಲಿ ನೀರು ಸುರಿದಳು. ಇಂಚಕ್ಕ ಮನೆಗೆ ಬಂದಾಗ ಎಲೆಗಳು ಹಳದಿಯಾಗಿ ಜೋತಿದ್ದವು.

"ಅತ್ತಿಗೆ, ಯಾರು ಹೇಳಿದ್ದು ನಿಮಗೆ?"

"ಹೇಳೋದೇನು? ಇಷ್ಟು ವರ್ಷ ಪಾಪದ ಗಿಡಾನ ಉಸಿರು ಕಟ್ಟಿಸಿಟ್ಟಿದ್ದೆ. ಬೆಳೀಲಿ ಅಂತ ದೊಡ್ಡದು ತಂದೆ."

"ನೀವೂ ನಾಲ್ಕಿಂಚು ದೊಡ್ಡದು ಕೇಳೋ ಗಿರಾಕಿನೇ!"

"ಒಳ್ಳೇದು ಮಾಡಿದ್ರೂ ಬೈಸ್ಕೋಬೇಕು. ಇದೇ ನನ್ನ ಹಣೆಬರಹ."

ಇಂಚಕ್ಕ ನನಗೆ ಫೋನು ಮಾಡಿದಳು. "ಬಾರೇ, ನಿನ್ನ ಕೈ ಬೇಕು. ನಾನು ಉಳೀತೀನೋ ಬಿಡ್ತೀನೋ, ಅದು ಮಾತ್ರ ಇವಳ ಕೈಲಿ ಕೊಳೀಬಾರದು."

ಹೋದೆ. ಅವಳು ಮಂಚದ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತು ಹೇಳಿದಳು, ನಾನು ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ಮಾಡಿದೆ. ಗಿಡ ಎಳೆದಾಗ ಕೊಳೆತ ವಾಸನೆ ಬಂತು. ಮಣ್ಣು ತೊಳೆದೆ. ಕಂದುಬಣ್ಣಕ್ಕೆ ತಿರುಗಿ ಮೆತ್ತಗಾದ ಬೇರುಗಳನ್ನೆಲ್ಲ ಕತ್ತರಿಸಿದೆ.

"ಆ ಹೂವನ್ನೂ ಕತ್ತರಿಸು. ಇರೋ ಶಕ್ತಿ ಬೇರಿಗೆ ಹೋಗ್ಲಿ. ಗಟ್ಟಿಯಾಗಿ ಹಿಡಿ, ಪುಸ್ತಕದ ಧೂಳು ಒರೆಸಿದ ಹಾಗಲ್ಲ."

ತೊಗಟೆಯ ಚೂರು, ತೆಂಗಿನ ನಾರು, ಸ್ವಲ್ಪ ಇದ್ದಿಲು ಬೆರೆಸಿ ಹಳೆಯ ಕುಂಡಕ್ಕೇ ಹಾಕಿದೆವು. ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ಪತ್ರಿಕೆಯ ಮೇಲೆ ಬಿದ್ದ ಒಂದೇ ಒಂದು ಕೆಂಪು ಹೂವನ್ನು ನೋಡಿ, "ನಾನು ಮುಟ್ಟಿದ್ದೆ ಅಂತ ಹೂವನ್ನೂ ಉಳಿಸ್ಲಿಲ್ಲ" ಎಂದು ಹೋದಳು. ಅತ್ತಿಗೆ ನಾದಿನಿ ಇಬ್ಬರೂ ಮತ್ತೆ ಮಾತಾಡಲಿಲ್ಲ. ಅಲ್ಲಿಂದ ಹತ್ತೊಂಬತ್ತನೆಯ ದಿನ ಇಂಚಕ್ಕ ತೀರಿಕೊಂಡಳು.

ನಿನ್ನೆ ಆ ಮನೆಗೆ ಹೋಗಿದ್ದೆ. ಗಿಡ ನಡುಮನೆಯಲ್ಲಿತ್ತು, ಮತ್ತೆ ಆ ಪಿಂಗಾಣಿ ಕುಂಡದಲ್ಲಿ, ಅದೇ ಜಿಗುಟು ಮಣ್ಣಿನಲ್ಲಿ.

"ಅವಳ ನೆನಪಿಗೆ ಇಟ್ಟಿದೀನಿ" ಎಂದಳು ಅತ್ತಿಗೆ. "ನಾಲ್ಕು ಜನ ಬರ್ತಾರೆ, ಆ ಹಳೇ ಮುಕ್ಕು ಕುಂಡ ಚೆನ್ನಾಗಿ ಕಾಣುತ್ತಾ?"

ನಾನು ಬುಡ ಹಿಡಿದು ಗಿಡವನ್ನು ಕಿತ್ತೆ. ಮಣ್ಣು ಅವಳು ಒರೆಸಿದ ನೆಲದ ತುಂಬ ಚೆಲ್ಲಿತು.

"ಏನ್ರೀ ಇದು, ಹಾಡಹಗಲೇ ಕಳ್ಳತನ!"

"ಹೌದು. ಜೋರಾಗಿ ಕೂಗಿ, ಬೀದಿಯವರೂ ಕೇಳ್ಲಿ."

"ನನ್ನ ನಾದಿನಿ ಗಿಡ ಅದು!"

"ನಾದಿನಿ ಇದ್ದಾಗ ನೆನಪಾಗಲಿಲ್ವಾ?"

ಇಂಚಕ್ಕನ ಅಣ್ಣ ಕುರ್ಚಿಯಲ್ಲಿದ್ದ. ಪತ್ರಿಕೆಯಿಂದ ತಲೆಯೆತ್ತಲಿಲ್ಲ, ಚಾಚಿದ್ದ ಕಾಲುಗಳನ್ನು ಮಾತ್ರ ಮಡಚಿಕೊಂಡು ದಾರಿ ಬಿಟ್ಟ.

ಮನೆಗೆ ತಂದು ತೊಳೆದು ನೋಡಿದರೆ ಗಟ್ಟಿಯಿರುವ ಬಿಳಿ ಬೇರು ಎರಡೇ. ನನ್ನಲ್ಲಿದ್ದ ಅತಿ ಸಣ್ಣ ಕುಂಡಕ್ಕೆ ಹಾಕಿದ್ದೇನೆ. ಬದುಕುವುದೋ ಇಲ್ಲವೋ, ಇನ್ನೂ ಗೊತ್ತಿಲ್ಲ.