ಕರಿಕೆಗೆ ಹೋದ ಗಾಳಿಪೆಟ್ಟಿಗೆ

ಕಾರಿನ ಮುಂದಿನ ಖಾನೆಯಲ್ಲಿ ವಿಮೆಯ ಕಾಗದ ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ವಸ್ತು, ಅದಕ್ಕೆ ಕಟ್ಟಿದ ನೀಲಿ ಉಣ್ಣೆದಾರ. ನೀವೂ ಕಂಡಿರುತ್ತೀರಿ. ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆಯೆಂದು ಅಂಕಿಯಲ್ಲಿ ತೋರಿಸುತ್ತದಲ್ಲ, ಆ ಆಕ್ಸಿಮೀಟರ್. ಮನೆಯೊಳಗೆ ತಂದು, ಟಿ.ವಿ. ರಿಮೋಟಿನ ಸೆಲ್ ತೆಗೆದು ಅದಕ್ಕೆ ಹಾಕಿದೆ. ಕೆಂಪು ದೀಪ ಹತ್ತಿತು. ಬೆರಳು ಮಾತ್ರ ಇಡಲಿಲ್ಲ.

ಇಡದಿರಲು ಕಾರಣವಿದೆ. ಕಳೆದ ತಿಂಗಳು ಡಾಕ್ಟರು ನನ್ನ ಚೀಟಿಯ ಮೇಲೆ ಒಂದು ಕಾಯಿಲೆಯ ಹೆಸರು ಬರೆದರು. ವಾಸಿಯಾಗುವುದಲ್ಲ, ಜೊತೆಯಲ್ಲಿಟ್ಟುಕೊಂಡು ಬದುಕುವುದು ಎಂದರು. ಮೂವತ್ತು ವರ್ಷ ಜಿಲ್ಲೆಯ ಸುದ್ದಿಯನ್ನೆಲ್ಲ ಹೊತ್ತಿಗೆ ಸರಿಯಾಗಿ ಪತ್ರಿಕೆಗೆ ಕಳಿಸಿದ ನಾನು ಈ ಒಂದು ಸುದ್ದಿಯನ್ನು ಯಾರಿಗೂ ಕೊಟ್ಟಿರಲಿಲ್ಲ. ಕುಟ್ಟದ ಗೆಳೆಯ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಾಗ ‘ಕೆಲಸ ಇದೆ’ ಅಂದುಬಿಟ್ಟಿದ್ದೆ. ನಿವೃತ್ತನಿಗೆ ಎಂಥ ಕೆಲಸ ಎಂದು ಕೇಳದಿರುವುದು ಅವನ ದೊಡ್ಡತನ.

ಆ ನೀಲಿ ದಾರ ನಮ್ಮ ದೊಡ್ಡವ್ವ ಕಟ್ಟಿದ್ದು. ಬೆರಳಿನಿಂದ ಕ್ಲಿಪ್ಪು ಜಾರಿ ಕಾರಿನ ಸೀಟಿನಡಿ ಸೇರಬಾರದೆಂದು ಬಳೆಗೆ ಗಂಟು ಹಾಕಿಕೊಂಡಿದ್ದಳು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕ ನೆಲೆನಿಂತ ಸಂಸಾರ ನಮ್ಮದು. ಬ್ಯಾರನ್ ಅಂದರೆ ನಮ್ಮ ಕಡೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಗೂಡು. ಅದರ ಬಾಯಲ್ಲಿ ಕೂತು ಸೌದೆ ತಳ್ಳಿದ ವರ್ಷಗಳು ದೊಡ್ಡವ್ವನ ಎದೆಯಲ್ಲಿ ಉಳಿದುಬಿಟ್ಟವು. ಬೀಡಿ ಮುಟ್ಟದವಳ ಶ್ವಾಸಕೋಶ ನೋಡಿ ಡಾಕ್ಟರು, ‘ಎಷ್ಟು ವರ್ಷ ಸೇದಿದ್ರಿ?’ ಎಂದು ಕೇಳಿದ್ದರು. ‘ನಾನ್ ಸೇದ್ಲಿಲ್ಲ ಸ್ವಾಮಿ, ಅದೇ ನನ್ನ ಸೇದ್ತು’ ಅಂದಿದ್ದಳಂತೆ.

ಒಮ್ಮೆ ಮದುವೆಗೆಂದು ಬಸ್ಸು ಹತ್ತಿದಾಗ ಸುಂಟಿಕೊಪ್ಪದ ಹತ್ತಿರ ಉಸಿರು ಕಟ್ಟಿತು. ಅವಳು ಸೇದುವ ಔಷಧದ ಪಂಪು ಚೀಲದಲ್ಲಿತ್ತು, ಚೀಲ ತಲೆಯ ಮೇಲಿನ ಹಲಗೆಯಲ್ಲಿತ್ತು, ನಡುವೆ ನಿಂತವರ ಗುಂಪಿತ್ತು. ಯಾರೋ ಪುಣ್ಯಾತ್ಮರು ಚೀಲ ಇಳಿಸಿಕೊಟ್ಟರು. ಅವತ್ತಿನಿಂದ ಎರಡು ವರ್ಷ ದೊಡ್ಡವ್ವ ಜಗುಲಿ ದಾಟಲಿಲ್ಲ.

ಜಗುಲಿ ದಾಟಿಸಿದ್ದು ಒಂದು ಕೂಸು. ತಾಯಿಯಿಲ್ಲದ ಮೊಮ್ಮಗಳು ಶ್ವೇತಳನ್ನು ಸಾಕಿದವಳು ದೊಡ್ಡವ್ವ. ಶ್ವೇತಳನ್ನು ಕೇರಳದ ಗಡಿಯಲ್ಲಿರುವ ಕರಿಕೆ ಎಂಬ ಊರಿಗೆ ಕೊಟ್ಟಿತ್ತು. ಹೆರಿಗೆಗೆ ತವರಿಗೆ ಕರೆಯುವ ಶಕ್ತಿ ದೊಡ್ಡವ್ವನಲ್ಲಿರಲಿಲ್ಲ. ಶ್ವೇತಳ ಅತ್ತೆ ದೇವಕಮ್ಮನೇ ಬಾಣಂತನ ಮಾಡಿದರು. ‘ನಾನ್ ಮಾಡ್ಬೇಕಾದ್ದ ಆಯಮ್ಮ ಮಾಡ್ತಾವ್ಳೆ. ತೊಟ್ಲಿಗಾದ್ರೂ ನಾನೇ ಆಕ್ಬೇಕು ಕಣ್ಲಾ ಮಗ. ಕರ್ಕೊಂಡೋಗು’ ಅಂದಳು ದೊಡ್ಡವ್ವ.

ನನಗೆ ಹುರುಪು ಬಂತು. ಚುನಾವಣೆಯ ವರದಿಗೆ ಹೊರಟವನಂತೆ ಪ್ರಶ್ನೆಗಳ ಪಟ್ಟಿ ಬರೆದೆ. ಮೊದಲು ಡಾಕ್ಟರ ಒಪ್ಪಿಗೆ. ಅವರು ಪರೀಕ್ಷಿಸಿ, ಬಾಡಿಗೆಗೆ ಸಿಗುವ, ಹೆಗಲಿಗೆ ಹಾಕಿಕೊಳ್ಳಬಹುದಾದ ಆಮ್ಲಜನಕದ ಯಂತ್ರ ಒಯ್ಯಿರಿ, ಗುಂಡಿ ಎರಡರಲ್ಲೇ ಇರಲಿ, ನೀವಾಗಿ ಏರಿಸಬೇಡಿ, ಕ್ಲಿಪ್ಪಿನ ಅಂಕಿ ಎಂಬತ್ತೆಂಟಕ್ಕಿಂತ ಇಳಿದು ಅಲ್ಲೇ ನಿಂತರೆ ಮುಂದೆ ಹೋಗದೆ ಆಸ್ಪತ್ರೆ ಸೇರಿ ಎಂದರು. ಇದು ಅವಳಿಗೆ ಹೇಳಿದ ಲೆಕ್ಕ. ನಿಮ್ಮ ಮನೆಯವರದು ಬೇರೆ ಇರುತ್ತದೆ, ಅವರ ಡಾಕ್ಟರನ್ನೇ ಕೇಳಿ. ಎರಡು ಪಂಪು, ಒಂದು ಅವಳ ಮಡಿಲಲ್ಲಿ, ಒಂದು ನನ್ನ ಜೇಬಲ್ಲಿ. ಹೆಚ್ಚುವರಿ ಬ್ಯಾಟರಿ. ಡಾಕ್ಟರ ಚೀಟಿ. ಹೊರಡುವುದು ಮಂಜು ಕರಗಿದ ಮೇಲೆ. ಭಾಗಮಂಡಲ ದಾಟಿದರೆ ಕಾಡು, ಫೋನಿಗೆ ಸಿಗ್ನಲ್ ಇಲ್ಲ. ಆದ್ದರಿಂದ ಅಲ್ಲಿಂದ ಹೊರಡುವಾಗ ಕರಿಕೆಗೆ ಫೋನ್ ಮಾಡಿ, ‘ಇಷ್ಟು ಗಂಟೆಗೆ ಬರದಿದ್ದರೆ ಹುಡುಕಿಕೊಂಡು ಬನ್ನಿ’ ಎಂದು ಹೇಳುವುದು. ಹದಿನೇಳು ಅಂಶಗಳು. ಪಟ್ಟಿ ಓದಿ ಹೇಳಿದೆ.

‘ಎಲ್ಲಾ ಸರಿ. ಎಲೆ ಅಡ್ಕೆ ಬರ್ಕೊಂಡಿಲ್ವಲ್ಲೋ’ ಅಂದಳು ದೊಡ್ಡವ್ವ.

ಹದಿನೆಂಟಾಯಿತು.

ಆ ಬೆಳಿಗ್ಗೆ ಅವಳು ಹಸಿರು ರೇಷ್ಮೆ ಸೀರೆಯುಟ್ಟು, ಮೂಗಿಗೆ ಸಣ್ಣ ಕೊಳವೆ ಸಿಕ್ಕಿಸಿಕೊಂಡು, ತಾನೇ ಗಾಳಿಪೆಟ್ಟಿಗೆ ಎಂದು ಹೆಸರಿಟ್ಟ ಯಂತ್ರವನ್ನು ತೊಡೆಯ ಪಕ್ಕದಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಕಾರು ಊರು ಬಿಡುವ ಮೊದಲೇ ಕ್ಲಿಪ್ಪಿನ ಅಂಕಿ ಸಾರತೊಡಗಿದಳು. ‘ತೊಂಬತ್ಮೂರು!’ ಲಾರಿಯ ಹಿಂದೆ ಸಿಕ್ಕಿಕೊಂಡಾಗ, ‘ಗಾಜು ಏರ್ಸ್ಲಾ, ಅವನ ಹೊಗೆ ನಮಗ್ಯಾಕೆ. ತೊಂಬತ್ತೊಂದು!’ ಮಡಿಕೇರಿಯ ಏರಿನಲ್ಲಿ ಸ್ವಲ್ಪ ಇಳಿಯಿತು. ನಿಲ್ಲಿಸಿದೆ. ತುಟಿ ಮುಂದೆ ಮಾಡಿ ದೀಪ ಊದುವವಳಂತೆ ನಿಧಾನಕ್ಕೆ ಉಸಿರು ಬಿಟ್ಟಳು. ಅಂಕಿ ಮತ್ತೆ ಏರಿತು.

ಭಾಗಮಂಡಲದ ಹೋಟೆಲಿನಲ್ಲಿ ಕಾಫಿ ತಂದಿಟ್ಟವನ ಬೆರಳು ಹಿಡಿದು, ‘ಎಲ್ಲಿ, ನಿಂದೆಷ್ಟು ತೋರ್ಸು’ ಎಂದು ಕ್ಲಿಪ್ಪು ಸಿಕ್ಕಿಸಿದಳು. ತೊಂಬತ್ತೆಂಟು ಬಂತು. ‘ಅಜ್ಜೀ, ನಾನು ಪಾಸಾ?’ ಅಂದ. ‘ಪಾಸ್ ಕಣಪ್ಪ. ಈ ಪತ್ರಿಕೆಯವನ್ದು ನೋಡ್ಬೇಕು’ ಎಂದು ನನ್ನ ಕಡೆ ಕೈ ಚಾಚಿದಳು. ನಾನು ಕಾರು ತಿರುಗಿಸುವ ನೆಪದಲ್ಲಿ ಎದ್ದುಬಿಟ್ಟೆ. ಆ ಕಾಲಕ್ಕೆ ದಿನಕ್ಕೆ ಒಂದು ಪ್ಯಾಕು ಸೇದುತ್ತಿದ್ದೆ.

ಕರಿಕೆಯ ಇಳಿಜಾರಿನ ತಿರುವುಗಳಲ್ಲಿ ಅವಳು ಮೌನವಾದಳು. ಗಾಬರಿಯಾಗಿ ನೋಡಿದರೆ ಕಣ್ಣರಳಿಸಿ ಕಾಡು ನೋಡುತ್ತಿದ್ದಳು. ‘ಎರಡ್ ವರ್ಷ ಗೋಡೆ ನೋಡ್ದೆ ಕಣ್ಲಾ’ ಅಂದಳು. ನಮ್ಮ ಪಟ್ಟಿಯ ಹದಿನೆಂಟೂ ಪಾರಾಗಿ, ಹೇಳಿದ ಗಂಟೆಗಿಂತ ಹತ್ತು ನಿಮಿಷ ಮೊದಲೇ ಕಾರು ಆ ಮನೆಯ ಅಂಗಳ ಮುಟ್ಟಿತು. ನಾನು ಒಳಗೊಳಗೇ ಬೀಗಿದೆ.

ಅಷ್ಟರಲ್ಲಿ ದೇವಕಮ್ಮ ಹೊರಗೆ ಬಂದರು. ಅರೆಭಾಷೆಯ ಮನೆ ಅದು. ನಮ್ಮೊಂದಿಗೆ ಕನ್ನಡವಾದರೂ ನಡುನಡುವೆ ‘ಇದೆ’ಗೆ ‘ಉಟ್ಟು’ ಎನ್ನುವಂಥ ತಮ್ಮ ಮಾತು ನುಸುಳುತ್ತಿತ್ತು. ‘ಬನ್ನಿ, ಬನ್ನಿ! ಮಗುವಿಗೆ ಈಗಷ್ಟೇ ಸ್ನಾನ ಆಯ್ತು. ಕೆಂಡ ತಯಾರ್ ಉಟ್ಟು. ನಿಮಗೆ ಅಂತಲೇ ಕಾದದ್ದು. ಹಿರಿಯರು ನೀವು, ನೀವೇ ಹೊಗೆ ಕೊಡ್ಬೇಕು.’

ಅವರ ಹಿಂದೆ, ಬಾಗಿಲ ಬಳಿ, ಮಣ್ಣಿನ ಮಡಕೆಯಲ್ಲಿ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಸಾಂಬ್ರಾಣಿ. ಮಿಂದ ಕೂಸನ್ನು ಹೊಗೆಯ ಮೇಲೆ ಆಡಿಸಿ ತಲೆಗೂದಲು ಒಣಗಿಸುವುದು ನಮ್ಮಲ್ಲೂ ಇದ್ದದ್ದೇ. ರಸ್ತೆಯ ಬಗ್ಗೆ ಅಷ್ಟೊಂದು ಪ್ರಶ್ನೆ ಕೇಳಿದವನು ಮನೆಯ ಬಗ್ಗೆ ಒಂದನ್ನೂ ಕೇಳಿರಲಿಲ್ಲ! ಬಾಣಂತಿಯ ಮನೆ ಎಂದಮೇಲೆ ಹೊಗೆ ಇರುತ್ತದೆಂದು ಎಳೆಗೂಸಿಗೂ ಗೊತ್ತು. ಹೊಗೆ ಎದೆಗೆ ಹೋದರೆ ಬಸ್ಸಿನ ದಿನವೇ ಮರಳುತ್ತದೆ. ಆಮ್ಲಜನಕದ ಕೊಳವೆಯ ಹತ್ತಿರ ಬೆಂಕಿ ಸುಳಿಯಲೇಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಬೇಡ ಅಂದರೆ, ತಾವಾಗಿ ಬಾಣಂತನ ಹೊತ್ತ ಹೆಂಗಸಿನ ಮರ್ಯಾದೆಯನ್ನು ಅಂಗಳದಲ್ಲೇ ತಿರಸ್ಕರಿಸಿದಂತೆ.

ದೊಡ್ಡವ್ವ ಹೆಜ್ಜೆ ಮುಂದಿಡಲಿಲ್ಲ. ಅಂಗಳದ ನಡುವೆಯೇ ನಿಂತು ಕೈ ಮುಗಿದಳು.

‘ದೇವಕಮ್ಮ, ನಿಮ್ಮ ಋಣ ನನ್ನ ತಲೆ ಮೇಲಿದೆ. ಆದ್ರೆ ಆ ಕೆಂಡವ ಹಿತ್ಲಿಗೆ ಕಳ್ಸಿ, ನೀರಾಕ್ಸಿ. ಈ ಕೊಳವೆ ಇರೋ ಕಡೆ ಬೆಂಕಿ ಬರಂಗಿಲ್ಲ.’

‘ಅಯ್ಯೋ, ಹಾಗಾ? ನೀವು ದೂರ ನಿಲ್ಲಿ ಮತ್ತೆ, ನಾನೇ ಕೊಡ್ತೇನೆ.’

‘ನೀವೂ ಕೊಡ್ಬ್ಯಾಡಿ ಕಣವ್ವ.’ ಉಸಿರಿಗಾಗಿ ತಡೆದಳು. ‘ನಮ್ಮನೇಲಿ ಹುಟ್ಟಿದ ಕೂಸ್ಗೆಲ್ಲ ಹೊಗೆ ಕೊಟ್ಟೋಳು ನಾನೇ. ಇಲ್ಲಿ ನಿಂತವ್ನಲ್ಲ, ಇವನಿಗೂ. ಗೊತ್ತಿರ್ಲಿಲ್ಲ. ಈಗ ನನ್ನ ಎದೆಗೆ ಗೊತ್ತಾಗ್ಯದೆ. ಸಾಂಬ್ರಾಣಿ ಆದ್ರೇನು, ಸೊಪ್ಪಾದ್ರೇನು, ಒಳಕ್ಕೋದ ಮ್ಯಾಲೆ ಎಲ್ಲಾ ಹೊಗೆನೇ. ಆ ಕೂಸಿಗೆ ಬೆರಳುಗಾತ್ರದ ಎದೆ.’

ದೇವಕಮ್ಮನ ಮುಖ ಬಿಗಿಯಿತು. ‘ಎರಡು ತಿಂಗಳು ನಾನೇ ಕೊಟ್ಟದ್ದು. ತಲೆ ಒಣಗದೆ ಶೀತ ಆದ್ರೆ ಯಾರು ನೋಡುದು?’

‘ಬಿಸ್ಲದೆಯಲ್ಲ! ಬೇಲಿ ಮ್ಯಾಲೆ ನಿಮ್ಮ ಬಿಳೀ ಪಂಚೆ ಕಾಯ್ತಾ ಅದೆ. ಕೆಂಡ ಮಾಡೋ ಕೆಲ್ಸ ಅದು ಮಾಡ್ತದೆ.’

ದೇವಕಮ್ಮ ಬೇಲಿಯ ಕಡೆ ನೋಡಿದರು, ಮೂಗಿನ ಕೊಳವೆಯ ಕಡೆ ನೋಡಿದರು. ಆಮೇಲೆ ತಾವೇ ಹೋಗಿ ಪಂಚೆ ಮುಟ್ಟಿ, ಕೆನ್ನೆಗೆ ಒತ್ತಿಕೊಂಡು ಕಾವು ನೋಡಿದರು. ಒಳಗೆ ತಿರುಗಿ ಕೂಗಿದರು: ‘ಶ್ವೇತಾ, ಮಡಕೆ ಹಿಂದೆ ತಕೊಂಡೋಗಿ ನೀರು ಹಾಕಲಿಕ್ಕೆ ಹೇಳು. ಮಗುವನ್ನು ಇಲ್ಲಿಗೇ ತಾ. ತೊಟ್ಟಿಲೂ ಇಲ್ಲಿಗೇ ಬರಲಿ.’

ತೊಟ್ಟಿಲು ಅಂಗಳಕ್ಕೆ ಬಂತು! ಬಿಸಿಲಿಗೆ ಕಾದ ಪಂಚೆಯಲ್ಲಿ ಕೂಸಿನ ತಲೆ ಒರೆಸಿದವರು ದೇವಕಮ್ಮ, ಎತ್ತಿಕೊಂಡವಳು ದೊಡ್ಡವ್ವ. ತೊಟ್ಟಿಲಿಗೆ ಬಾಗುವಾಗ ಕೂಸು ಕೊಳವೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದುಬಿಟ್ಟಿತು. ಗಾಳಿಪೆಟ್ಟಿಗೆ ಕುಯ್ಯೋ ಎಂದು ಕೂಗಿಕೊಂಡಿತು. ನಾನು ಓಡಿದೆ, ಶ್ವೇತ ಓಡಿದಳು. ದೊಡ್ಡವ್ವ ನಿಂತಲ್ಲೇ ನಗುತ್ತಾ, ‘ಕೊಡೇ ನನ್ ಗಾಳಿಯ, ಕಳ್ಳಿ!’ ಎನ್ನುತ್ತಿದ್ದಳು. ದೇವಕಮ್ಮ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಕ್ಲಿಪ್ಪು ನೋಡಿದೆ: ತೊಂಬತ್ತೆರಡು.

ದೊಡ್ಡವ್ವ ಈಗಲೂ ಇದ್ದಾಳೆ. ನಿಧಾನಕ್ಕೆ ಉಸಿರಾಡುತ್ತಾಳೆ, ಬೇಗ ಬೇಗ ಬೈಯುತ್ತಾಳೆ. ಕ್ಲಿಪ್ಪು ಕಳೆದುಹೋಯಿತೆಂದು ಅವಳು ಹೊಸದು ತರಿಸಿಕೊಂಡು ಎಷ್ಟೋ ದಿನವಾಯಿತು.

ಇಷ್ಟು ನೆನೆಯುವಷ್ಟರಲ್ಲಿ ಕೈಯೊಳಗಿನ ಕೆಂಪು ದೀಪ ಆರಿತ್ತು. ಗುಂಡಿ ಒತ್ತಿ ಈ ಸಲ ಬೆರಳಿಟ್ಟೆ. ಅಂದು ಭಾಗಮಂಡಲದಲ್ಲಿ ತಪ್ಪಿಸಿಕೊಂಡ ಪರೀಕ್ಷೆ. ಅಂಕಿ ಬಂತು, ನೋಡಿಕೊಂಡೆ. ಪ್ರಯಾಣ ಹೋಗಬಹುದೇ ಎಂದು ಕೇಳಲು ಡಾಕ್ಟರಿಗೆ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಂಡೆ. ಆಮೇಲೆ ಕುಟ್ಟಕ್ಕೆ ಫೋನ್ ಹಚ್ಚಿದೆ.

‘ಗೃಹಪ್ರವೇಶದ ಹೋಮ ಎಲ್ಲಿ ಮಾಡ್ತೀರಿ?’

‘ನಡುಮನೆಯಲ್ಲಿ. ಯಾಕೆ ಮಾರಾಯ, ನಿನಗೆ ಕೆಲಸ ಇತ್ತಲ್ಲ?’

‘ಕೆಲಸ ಇಲ್ಲ. ನನಗೆ ಶ್ವಾಸಕೋಶದ ಕಾಯಿಲೆ ಇದೆ. ಹೊಗೆ ಆಗುವುದಿಲ್ಲ.’

‘ಅದನ್ನು ಹೇಳುದಲ್ಲವಾ ಮೊದಲೇ! ಹೋಮ ಮುಗಿದು ಕಿಟಕಿ ಎಲ್ಲ ತೆಗೆದ ಮೇಲೆ ಬಾ. ಊಟಕ್ಕೆ ಅಂಗಳದಲ್ಲೇ ಎಲೆ ಹಾಕಿಸ್ತೇನೆ.’

ಫೋನಿಟ್ಟು ಒಂದು ಹಾಳೆ ತೆಗೆದುಕೊಂಡೆ. ಪಂಪು ಎರಡು, ಡಾಕ್ಟರ ಚೀಟಿ, ಸೆಲ್ಲು. ಕೊನೆಯಲ್ಲಿ ದಪ್ಪಕ್ಷರದಲ್ಲಿ ಎಲೆ ಅಡಿಕೆ ಎಂದು ಬರೆದೆ. ದಾರಿಯಲ್ಲಿ ದೊಡ್ಡವ್ವನನ್ನೂ ಹತ್ತಿಸಿಕೊಳ್ಳುವುದಿದೆ. ಬರುತ್ತೀಯಾ ಎಂದು ಇನ್ನೂ ಕೇಳಿಲ್ಲ, ಬಾರದೆ ಇರುವವಳಲ್ಲ.