ಠಾಣೆ ಬರುವುದರೊಳಗೆ ಒಂದು ಬೀಳ್ಕೊಡುಗೆ

ಕಳೆದ ವಾರ ಕಪಾಟಿನ ಮೇಲಿನಿಂದ ಸೂಟ್‌ಕೇಸು ಇಳಿಸುವಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಮೂರು ಶಾಲುಗಳು ನನ್ನ ತಲೆಯ ಮೇಲೆ ಬಿದ್ದವು. ಜರಿಯಂಚಿನ, ಸನ್ಮಾನಕ್ಕೆಂದೇ ಮಾರುವ, ಹೊದ್ದರೆ ಚಳಿ ಹೋಗದ ಶಾಲುಗಳು.

"ನಿಮಗೆ ಸನ್ಮಾನ ಮಾಡಿದ್ದು ಯಾರು?" ಎಂದಳು ಹೆಂಡತಿ. ಯಾಕೆ ಮಾಡಿದರು ಎಂಬ ಪ್ರಶ್ನೆಯೂ ಆ ದನಿಯಲ್ಲೇ ಇತ್ತು.

"ಡೊಂಬಿವಲಿಯ ಎದುರುಮನೆ ಮಾಮ. ನಾಲ್ಕಿರಬೇಕಿತ್ತಲ್ಲ..."

ಸಾಕ್ಷಿಯಿಲ್ಲದ್ದನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ಕಲಿಸಿದ್ದರು. ಉಳಿದ ಪಾಠಗಳೆಲ್ಲ ಮರೆತು, ಇದೊಂದು ಮಾತ್ರ ಉಳಿದು, ಈಗ ನನ್ನ ನೆನಪನ್ನೇ ಕೊರೆಯುತ್ತಿದೆ. ಹಾಗಾಗಿ ಮುಂದೆ ಹೇಳುವುದರಲ್ಲಿ ಶಾಲುಗಳಷ್ಟೇ ಖಚಿತ. ಅದರಲ್ಲೂ ಮೂರು.

ಮಾಮ ಉಡುಪಿ ಕಡೆಯವರು. ಮೀಸೆ ಮೂಡುವ ವಯಸ್ಸಿನಲ್ಲಿ ಮುಂಬಯಿ ಪಕ್ಕದ ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಒಂದು ಪಂಪು ಕಾರ್ಖಾನೆಯ ಸ್ಟೋರಿಗೆ ಸೇರಿದವರು, ಮೀಸೆಗೆ ಬಣ್ಣ ಹಚ್ಚುವ ಕಾಲದಲ್ಲೂ ಅಲ್ಲೇ ಇದ್ದರು. ಬೆಳಿಗ್ಗೆ ಡೊಂಬಿವಲಿಯಿಂದ ಅದೇ ಫಾಸ್ಟ್ ಲೋಕಲ್ ರೈಲು, ಅದೇ ಬೋಗಿ, ತಾಳ ಹಿಡಿದು ಭಜನೆ ಹೇಳುವ ಅದೇ ತಂಡ. ನನಗೆ ಠಾಣೆಯಲ್ಲಿ ಮೊದಲ ಕೆಲಸ ಸಿಕ್ಕಾಗ ಅವರು ಸಂಬಳ ಎಷ್ಟೆಂದು ಕೇಳಲಿಲ್ಲ. ತಂಡದಲ್ಲಿ ನನಗೊಂದು ಜಾಗ ಗೊತ್ತುಮಾಡಿದರು. "ಕೆಲಸ ಯಾರು ಬೇಕಾದ್ರೂ ಕೊಡ್ತಾರೆ ಮಾರಾಯ. ಸೀಟು ಯಾರು ಕೊಡ್ತಾರೆ?"

ವರ್ಷ ತುಂಬುವ ಮೊದಲೇ ನಾನು ಆ ಕೆಲಸ ಬಿಟ್ಟು ಐರೋಲಿಯ ಇನ್ನೊಂದು ಕಂಪೆನಿಗೆ ಹೊರಟೆ.

"ಓಡಿಸಿದ್ರಾ?" ಎಂದರು ಮಾಮ, ದನಿ ತಗ್ಗಿಸಿ.

"ಇಲ್ಲ ಮಾಮ, ನಾನೇ ಬಿಟ್ಟೆ."

"ಬಿಟ್ಟದ್ದು ಸರಿ. ಭಾಷಣ ಮಾಡಿದ್ದು ಯಾರು?"

"ಯಾರೂ ಇಲ್ಲ. ಕಾರ್ಡು ವಾಪಸ್ ಕೊಟ್ಟು ಬಂದೆ."

"ಶಾಲು?"

"ಇಲ್ಲ."

ಮಾಮ ಒಳಗಿದ್ದ ಮಾಮಿಗೆ ಕೂಗಿ ಹೇಳಿದರು: "ಕೇಳಿದಿಯಾ, ಇವನನ್ನು ಬರೀ ಹೆಗಲಲ್ಲಿ ಕಳಿಸಿದ್ದಾರೆ!"

ಸೋಮವಾರ ರೈಲು ಹೊರಡುತ್ತಲೇ ಭಜನೆ ನಿಂತಿತು. ನನಗೆ ಶಾಲು, ತೆಂಗಿನಕಾಯಿ, ಗೊಂಡೆ ಹೂವಿನ ಹಾರ. ಮಾಮ ಎದ್ದು ನಿಂತು ಕನ್ನಡ, ಹಿಂದಿ, ಮರಾಠಿ ಬೆರೆಸಿ ನನ್ನ ಸೇವೆಯನ್ನು ಹೊಗಳತೊಡಗಿದರು. ದಿವಾ ಸ್ಟೇಷನ್ ದಾಟುವವರೆಗೆ ನನ್ನ ವಿದ್ಯಾಭ್ಯಾಸ. ಗುಣಗಳ ವಿಷಯ ಬರುವ ಹೊತ್ತಿಗೆ ರೈಲು ಪಾರ್ಸಿಕ್ ಸುರಂಗ ಹೊಕ್ಕಿತು. ಆ ಗದ್ದಲದಲ್ಲಿ ಏನೂ ಕೇಳಿಸುವಂತಿರಲಿಲ್ಲ. ಹೇಳಲು ಗುಣಗಳೇನೂ ಇಲ್ಲದ್ದರಿಂದ ಸಮಯ ನೋಡಿ ಹಾಗೆ ಹೊಂದಿಸಿದ್ದರೇ ಎಂಬ ಸಂಶಯ ನನಗೆ ಇಂದಿಗೂ ಇದೆ.

ಐರೋಲಿಯ ಹೊಸ ಆಫೀಸಿನ ಕಾವಲುಗಾರ ನನ್ನ ಹಾರ ನೋಡಿ, "ಲಗ್ನ ಝಾಲಂ ಕಾ?" ಎಂದು ಕೇಳಿದ. ಮದುವೆಯಲ್ಲ, ನಿವೃತ್ತಿ ಎಂದು ಹೇಳುವ ಧೈರ್ಯವಾಗಲಿಲ್ಲ.

ಆಮೇಲೆ ಅಭ್ಯಾಸವಾಯಿತು. ನನಗೆ ಕೆಲಸ ಬಿಡುವುದು, ಮಾಮನಿಗೆ ಶಾಲು ತರುವುದು. ಮೂರನೆಯ ಸಲ ತಂಡದಲ್ಲಿ ತಾಳ ಹಾಕುವ ಕಾಕಾ ಹಣೆ ಚಚ್ಚಿಕೊಂಡು, "ಹಾ ಪುನ್ಹಾ ರಿಟಾಯರ್ ಝಾಲಾ!", ಇವ ಮತ್ತೆ ನಿವೃತ್ತನಾದ, ಎಂದ. ಮಾಮ ನಗಲಿಲ್ಲ. ಮನುಷ್ಯ ಬಾಗಿಲು ದಾಟುವಾಗ ಯಾರಾದರೂ ನಾಲ್ಕು ಮಾತು ಆಡಬೇಕು ಎಂಬುದು ಅವರ ಸಿದ್ಧಾಂತ.

ಅವರು ಕಾಯುತ್ತಿದ್ದುದು ತಮ್ಮ ಬಾಗಿಲಿಗೆ. ಅವರ ಕಾರ್ಖಾನೆಯಲ್ಲಿ ನಿವೃತ್ತರಾದವರಿಗೆ ಸಭೆ ಮಾಡಿ, ಹಾರ ಹಾಕಿ, ಕಂಪೆನಿಯ ಕಾರಿನಲ್ಲಿ ಮನೆಯವರೆಗೆ ಬಿಡುವ ಪದ್ಧತಿಯಿತ್ತು. ಕಾರು ನಮ್ಮ ಗಲ್ಲಿಯಲ್ಲಿ ತಿರುಗೀತೇ ಎಂದು ಮಾಮ ಹೆಜ್ಜೆ ಹಾಕಿ ಅಳೆದಿದ್ದರೆಂದು ನನ್ನ ನೆನಪು. ಮಾಮಿಯನ್ನು ಕೇಳಿದರೆ, "ಹೆಜ್ಜೆ ಎಂತದ್ದು, ಟೇಪು ಹಿಡಿದೇ ಅಳೆದದ್ದು. ಟೇಪಿನ ಆ ತುದಿ ಹಿಡಿದವಳು ನಾನು" ಎನ್ನುತ್ತಾರೆ. ಆ ದಿನ ಸ್ಕೂಟರುಗಳನ್ನು ಬೇರೆಡೆ ನಿಲ್ಲಿಸಬೇಕೆಂದು ಸೊಸೈಟಿಯ ಸೆಕ್ರೆಟರಿಗೆ ವರ್ಷಗಳ ಮುಂಚೆಯೇ ಹೇಳಿಟ್ಟಿದ್ದರು.

ನಿವೃತ್ತಿಗೆ ಕೆಲವೇ ತಿಂಗಳಿರುವಾಗ ಕಾರ್ಖಾನೆ ಗುಜರಾತಿಗೆ ಹೋಯಿತು. ನಾನು ಕಂಪೆನಿ ಬದಲಾಯಿಸಿದಷ್ಟೇ ಸಲೀಸಾಗಿ ಕಂಪೆನಿ ಊರು ಬದಲಾಯಿಸಿತು. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ವಿಷಯ ಹೇಳಿ ಕಳಿಸಿದರಂತೆ. ಮಾಮ ಊಟದ ಡಬ್ಬಿ, ಚಹಾದ ಮಗ್ಗು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದರು. ಕಾರಿಲ್ಲ, ಭಾಷಣವಿಲ್ಲ. ಗಲ್ಲಿಯಲ್ಲಿ ಸ್ಕೂಟರುಗಳು ಇದ್ದಲ್ಲೇ ಇದ್ದವು.

ಮರುದಿನದಿಂದ ರೈಲಿಗೂ ಬರಲಿಲ್ಲ. ಕಿಟಕಿಯ ಬದಿಯ ಅವರ ಜಾಗದಲ್ಲಿ ತಂಡದವರು ಕರ್ಚೀಫು ಹಾಕಿ ಯಾರನ್ನೂ ಕೂರಲು ಬಿಡುತ್ತಿರಲಿಲ್ಲ. ಕೊನೆಗೆ ನಾನು ಅವರ ಬಾಗಿಲು ತಟ್ಟಿದೆ.

"ಮಾಮ, ನಾಳೆ ಒಮ್ಮೆ ಠಾಣೆಯವರೆಗೆ ಬನ್ನಿ."

"ಎಂತಕ್ಕೆ? ನನಗೆ ಅಲ್ಲಿ ಎಂತ ಕೆಲಸ?"

ಹಾಗೆ ಹೇಳಿದವರು ಮರುದಿನ ಇಸ್ತ್ರಿಯ ಅಂಗಿ ಹಾಕಿ, ಮೀಸೆಗೆ ಹೊಸ ಬಣ್ಣ ಹಚ್ಚಿ, ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು.

ರೈಲು ಹೊರಟಿತು. ಶಾಲು ಕೊಳ್ಳುವುದನ್ನು ತಂಡದಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರಿಗೆ ಬಿಟ್ಟಿದ್ದರು. ಪುಣ್ಯಕ್ಕೆ ನಾನು ಮನೆಯಿಂದ ಒಂದನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಅದನ್ನೇ ಹೊದಿಸಿದೆ. ಮಾಮ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಇದು ನಿನ್ನ ಎರಡನೇ ಕಂಪೆನಿಯದ್ದಲ್ವನಾ?"

"ಹೌದು ಮಾಮ. ಹೆಚ್ಚು ಬಳಸಿಲ್ಲ, ಆ ಕಂಪೆನಿಯ ಹಾಗೆ."

ಬೋಗಿ ಇಡೀ ನಕ್ಕಿತು. ಮಾಮ ಎದ್ದು ನಿಂತರು. ಎಷ್ಟೋ ವರ್ಷಗಳಿಂದ ಕಟ್ಟಿಟ್ಟುಕೊಂಡ ಭಾಷಣ. ಊರಿನಿಂದ ಬಂದ ಬಸ್ಸಿನಿಂದ ಶುರುವಾಗಿ, ಮೊದಲ ದಿನ ಸ್ಟೋರಿನ ಬೀಗ ತೆರೆಯಲಾಗದೆ ಅತ್ತದ್ದಕ್ಕೆ ಬಂತು... ಅಷ್ಟರಲ್ಲಿ ಸುರಂಗ. ನಿಲ್ಲಿಸಿ ಎಂದು ನಾನು ಕೈಸನ್ನೆ ಮಾಡಿದೆ. ಅವರು ನೋಡಲಿಲ್ಲ. ದೀಪದ ಮಂಕಿನಲ್ಲಿ ತುಟಿಗಳು ಅಲ್ಲಾಡುತ್ತಲೇ ಇದ್ದವು. ಒಮ್ಮೆ ಕೈ ನನ್ನ ಕಡೆ ತಿರುಗಿತೆಂದು ನೆನಪು... ಹಿಡಿಕೆಗಾಗಿ ತಡಕಾಡಿದ್ದೂ ಇರಬಹುದು. ಬೆಳಕು ಬಂದಾಗ ಅವರು, "ಇಷ್ಟೇ. ಎಲ್ಲರಿಗೂ ನಮಸ್ಕಾರ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

"ಮಾಮ, ಏನೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ" ಎಂದೆ.

"ಒಂದೇ ಸಲ ಹೇಳುವುದು ಮಾರಾಯ. ನಿನ್ನ ಹಾಗೆ ನಾಲ್ಕು ಸಲ ಅಲ್ಲ."

ನಾಲ್ಕು. ಹಾಗಾದರೆ ನನ್ನ ಲೆಕ್ಕ ಸರಿಯೇ ಇತ್ತು.

ಮಾಮ ತೀರಿಹೋಗಿ ಕೆಲವು ವರ್ಷಗಳಾದವು. ಆ ಭಾಷಣದಲ್ಲಿ ಮುಂದೆ ಏನಿತ್ತು ಎಂದು ಮಾಮಿಯನ್ನು ಒಮ್ಮೆ ಕೇಳಿದ್ದೆ. "ಯಾವುದಂತ ಹೇಳುವುದು? ಕೆಲಸ ಒಂದೇ ಹಿಡಿದುಕೊಂಡು ಕೂತರು, ಭಾಷಣ ಮಾತ್ರ ವಾರಕ್ಕೊಂದು ಬದಲು" ಎಂದರು.

ನಾನೀಗ ಮತ್ತೆ ಕಂಪೆನಿ ಬದಲಾಯಿಸಿದ್ದೇನೆ, ಈ ಸಲ ಠಾಣೆಯ ಘೋಡಬಂದರ್ ರಸ್ತೆಗೆ. ಹಳೆಯ ಕಂಪೆನಿಯ ಲ್ಯಾಪ್‌ಟಾಪನ್ನು ಕೊರಿಯರ್‌ನವನು ಒಯ್ದ. ನನ್ನ ಸಹಿ ಕೇಳಿದ, ಮುಖ ನೋಡಲಿಲ್ಲ. ಮೊನ್ನೆ ಡೊಂಬಿವಲಿಯಿಂದ ಫಾಸ್ಟ್ ಹತ್ತಿದೆ. ಈಗ ಫಾಸ್ಟ್ ಲೋಕಲ್‌ಗಳು ಆ ಸುರಂಗಕ್ಕೆ ಹೋಗುವುದಿಲ್ಲ, ಮುಂಬ್ರಾ ಮಾರ್ಗವಾಗಿ ಬಯಲಲ್ಲೇ ಹೋಗುತ್ತವೆ. ಠಾಣೆಯವರೆಗೂ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಬೋಗಿಯಲ್ಲಿ ಯಾರೂ ಎದ್ದು ನಿಂತಿರಲಿಲ್ಲ.